ರಾಣೆಬೆನ್ನೂರಿನಿಂದ ಗ್ಯಾದರಿಂಗಿಗೆ ಬಂದವರು

ಆ ದಿನ ಬೆಳಿಗ್ಗೆ ನಳಕ್ಕೆ ನೀರು ಬಂದಿತ್ತು. ಹಾವೇರಿಯಲ್ಲಿ ನೀರು ಬಂದ ದಿನ ಮಿಕ್ಕ ಕೆಲಸಗಳೆಲ್ಲ ಸರದಿ ಕಾಯಬೇಕು. ಹಿತ್ತಲಿನ ಬ್ಯಾರಲ್ಲು, ಬಚ್ಚಲ ಹಂಡೆ, ಅಡುಗೆಮನೆಯ ಕೊಡಗಳು, ಕೊನೆಗೆ ಮಗಳ ನೀರಿನ ಬಾಟಲಿಯವರೆಗೆ ಎಲ್ಲ ತುಂಬಿಸಿ, ಒದ್ದೆಯಾದ ಸೆರಗು ಹಿಂಡಿಕೊಂಡು ಒಳಗೆ ಬಂದು, ಅವಲಕ್ಕಿಗೆ ಉಳ್ಳಾಗಡ್ಡಿ ಹೆಚ್ಚಲು ಕುಳಿತೆ. ಮನೆಯವರು ಪೇಪರು ಹಿಡಿದು ಬಾಗಿಲಲ್ಲಿ ಕುಳಿತಿದ್ದರು. ಮಗಳು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ ಮನೆ ತುಂಬ ಕುಂಟುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲವೂ ದಿನದ ಹಾಗೆಯೇ ಇತ್ತು. ಹಾಗೆ ಇಲ್ಲದಿದ್ದದ್ದು ಪಕ್ಕದ ಮನೆ.

ಪಕ್ಕದ ಮನೆಯಿಂದ ಆ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಬರಬೇಕು. ಆ ಮನೆಯ ಅಕ್ಕನವರು ನನಗಿಂತ ಸಾಕಷ್ಟು ದೊಡ್ಡವರು, ಗಟ್ಟಿಗಿತ್ತಿ. ಅವರ ರೊಟ್ಟಿಯ ಸದ್ದು ಕೇಳಿದ ಮೇಲೆಯೇ ನಾನು ಮಗಳನ್ನು ಎಬ್ಬಿಸುವುದು ರೂಢಿ. ಅಂದು ಸದ್ದಿರಲಿಲ್ಲ, ತುಪ್ಪದಲ್ಲಿ ರವೆ ಹುರಿಯುವ ವಾಸನೆ ಇತ್ತು. ಕಾಂಪೌಂಡಿನ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಕುಂಕುಮದ ಬಟ್ಟಲನ್ನು ಬೋರಲು ಹಾಕಿದ್ದರು. ಹಗ್ಗದ ಮೇಲೆ ಟ್ರಂಕಿನ ಮಡಿಕೆ ಬಿಡದ ಒಂದು ರೇಷ್ಮೆ ಸೀರೆ ಗಾಳಿಗೆ ಬಿದ್ದಿತ್ತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಆ ದಿನ ಇದ್ದದ್ದು ಒಂದೇ, ಕ್ಯಾಂಪಸ್ಸಿನ ವಾರ್ಷಿಕೋತ್ಸವ, ನಮ್ಮ ಕಡೆಯ ಮಾತಿನಲ್ಲಿ ಗ್ಯಾದರಿಂಗು. ಅಲ್ಲಿಗೆ ಅಕ್ಕನವರು ಅದುವರೆಗೆ ಕಾಲಿಟ್ಟವರಲ್ಲ.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರುಗಳು ಇನ್ನೊಬ್ಬರ ಮೇಲೆ ಅನುಮಾನ ಪಡುವುದು ಪಾಪ ಎಂದು ಕಲಿಸಿದ್ದರು. ಆದರೆ ಯೂನಿಫಾರ್ಮಿನ ಅಂಚಿನಲ್ಲಿ ಬಿಚ್ಚಿದ ಹೊಲಿಗೆಯನ್ನು ಹತ್ತು ಹೆಜ್ಜೆ ದೂರದಿಂದ ಕಂಡುಹಿಡಿಯುವುದನ್ನೂ ಅವರೇ ಕಲಿಸಿದ್ದು. ಎರಡರಲ್ಲಿ ಎರಡನೆಯದೇ ನನಗೆ ಹೆಚ್ಚು ಹತ್ತಿತು.

ಕ್ಯಾಂಪಸ್ಸು ಎಂದರೆ ದೊಡ್ಡದೇನಲ್ಲ. ಹಾವೇರಿ ಜಿಲ್ಲೆಯಾದ ಮೇಲೆ ಊರ ಹೊರಗೆ ತಲೆಯೆತ್ತಿದ ಸ್ನಾತಕೋತ್ತರ ಕೇಂದ್ರ. ಗೋವಿನಜೋಳದ ಹೊಲಗಳ ನಡುವೆ ಒಂದು ಉದ್ದನೆಯ ಕಟ್ಟಡ, ಒಂದು ಲೈಬ್ರರಿ, ಇನ್ನೂ ನೆರಳು ಕೊಡದ ಬೇವಿನ ಗಿಡಗಳು. ಮನೆಯವರು ಅಲ್ಲಿ ಕಾಮರ್ಸ್ ಕಲಿಸುತ್ತಿದ್ದರು. ಅಲ್ಲಿಂದ ತಿಂಗಳಿಗೊಮ್ಮೆ ಒಂದು ಹಾಳೆಯ ವಾರ್ತಾಪತ್ರ ಹೊರಡುತ್ತಿತ್ತು. ಮೇಲಿನ ಅರ್ಧದಲ್ಲಿ ನಡೆದದ್ದು, ಕೆಳಗಿನ ಅರ್ಧದಲ್ಲಿ ನಡೆಯಲಿರುವುದು. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡದ ಕಾಲ ಅದು. ನನ್ನ ಅಕ್ಷರ ದುಂಡಗಿದೆಯೆಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಊಟದ ಮೇಜಿನ ಮೇಲೆ ಬರೆದು ಕೊಟ್ಟದ್ದನ್ನು ಝೆರಾಕ್ಸ್ ಮಾಡಿಸಿ, ಬಸ್ ನಿಲ್ದಾಣದ ಹತ್ತಿರದ ಪುಸ್ತಕದಂಗಡಿಯವರೆಗೂ ಅಂಟಿಸುತ್ತಿದ್ದರು. ಹಾಗಾಗಿ ಕ್ಯಾಂಪಸ್ಸಿನ ಸುದ್ದಿ ಅಲ್ಲಿ ಓದುವವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಆ ಸಲದ ಹಾಳೆಯ ಮೇಲಿನ ಅರ್ಧದಲ್ಲಿ ಪಕ್ಕದ ಮನೆಯ ಹುಡುಗಿಯ ಸುದ್ದಿಯೇ ಮೊದಲನೆಯದು. ಅವಳು ಅಕ್ಕನವರ ಅಣ್ಣನ ಮಗಳು, ಬ್ಯಾಡಗಿಯವಳು. ಅಪ್ಪನದು ಮೆಣಸಿನಕಾಯಿ ವ್ಯಾಪಾರ. ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ಅತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಎಂ.ಎ. ಕೊನೆಯ ವರ್ಷ. ಯುವಜನೋತ್ಸವದಲ್ಲಿ ಜನಪದ ಗೀತೆಗೆ ಮೊದಲ ಬಹುಮಾನ ತಂದಿದ್ದಳು. ದಪ್ಪ ಕನ್ನಡಕದ, ಸೊಂಟಕ್ಕೆ ಸೆರಗು ಸಿಕ್ಕಿಸಿ ಓಡುವಂತೆ ನಡೆಯುವ ಹುಡುಗಿ. ಸಂಜೆ ನಮ್ಮ ಮೆಟ್ಟಿಲ ಮೇಲೆ ಕುಳಿತು ನನ್ನ ಜೊತೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

ಹಾಗೆ ಬಿಡಿಸುತ್ತಿದ್ದಾಗಲೇ ಒಂದು ಸಂಜೆ ಅವಳು ತನ್ನ ಒಡಹುಟ್ಟಿದ ಅಕ್ಕನ ವಿಷಯ ಹೇಳಿದ್ದು. ಅಕ್ಕನೂ ಇದೇ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳಂತೆ. ಪರೀಕ್ಷೆಗೆ ಮುಂಚೆ ಒಳ್ಳೆಯ ಸಂಬಂಧ ಬಂತು. ಪರೀಕ್ಷೆ ಬರೆಯಲು ಕಳಿಸುತ್ತೇವೆ ಎಂದು ಬೀಗರು ಹೇಳಿದರು. ಮದುವೆಯಾದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅಕ್ಕನ ಪುಸ್ತಕಗಳ ಗಂಟು ಇನ್ನೂ ಅತ್ತೆಯ ಮನೆಯ ಅಟ್ಟದ ಮೇಲೆಯೇ ಇತ್ತು. ಅದಕ್ಕೇ ಇವಳು ಅಪ್ಪನ ಹತ್ತಿರ ಮಾತು ತೆಗೆದುಕೊಂಡಿದ್ದಳು, ಪರೀಕ್ಷೆ ಮುಗಿಯುವವರೆಗೆ ಹೆಣ್ಣು ನೋಡಲು ಬಂದ ಯಾರ ಮುಂದೆಯೂ ಮಣೆಯ ಮೇಲೆ ಕೂಡುವುದಿಲ್ಲ ಎಂದು.

"ಪರೀಕ್ಷಿ ಒಂದ ಬರದ್ರ ಸಾಕ್ರಿ ಆಂಟಿ," ಎಂದಿದ್ದಳು. "ಆಮ್ಯಾಲೆ ಯಾರನ್ನ ತೋರ್ಸಿದ್ರೂ ನೋಡ್ತೀನಿ. ಕುಂಟ ಇರ್ಲಿ, ಕುರುಡ ಇರ್ಲಿ. ಕುರುಡ ಆದ್ರ ಛಲೋನ ಆತು, ನನ್ನ ಕನ್ನಡಕ ಕಾಣೂದಿಲ್ಲ."

ನಕ್ಕಿದ್ದೆವು. ಅವಳ ಅತ್ತೆ, ಅಂದರೆ ಅಕ್ಕನವರು, ಮಾತ್ರ ನಕ್ಕಿರಲಿಲ್ಲ. ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋಗಿದ್ದರು. ಒಳ್ಳೆಯ ಸಂಬಂಧಗಳು ನಮ್ಮ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ ಎಂಬುದು ಅವರ ವಾದ.

ನನ್ನ ಅನುಮಾನ ಶುರುವಾದದ್ದು ಹಾಳೆಯ ಕೆಳಗಿನ ಅರ್ಧದಿಂದ. ಗ್ಯಾದರಿಂಗಿನ ವಿವರ ನಾನು ಬರೆದು ಮುಗಿಸಿದ ಮೇಲೆ ಮನೆಯವರು ಒಂದು ತಿದ್ದುಪಡಿ ತಂದರು. ಬಹುಮಾನದ ಶೀಲ್ಡುಗಳನ್ನು ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರು ಕೊಡುತ್ತಾರೆ. ಹಾಡಿದ ಹುಡುಗಿಯ ಸತ್ಕಾರವನ್ನು ಅವರ ಮನೆಯ ಹೆಣ್ಣುಮಕ್ಕಳು ಮಾಡುತ್ತಾರೆ.

ಅವರ ಮಕ್ಕಳು ಇಲ್ಲಿ ಓದುತ್ತಾರೇನು ಎಂದು ಕೇಳಿದೆ. ಇಲ್ಲವಂತೆ. ಹಳೆಯ ವಿದ್ಯಾರ್ಥಿಗಳೇ? ಅದೂ ಅಲ್ಲ. ಬೀಜದ ಅಂಗಡಿಯವರಿಗೂ ಜನಪದ ಗೀತೆಗೂ ಏನು ಸಂಬಂಧ?

"ಕೊಡೋರು ಕೊಡ್ತಾರ, ನಿನಗ ಯಾಕ ಬೇಕು?" ಎಂದರು ಮನೆಯವರು. "ನೀ ತಪ್ಪಿ ಇಲ್ಲಿ ಹುಟ್ಟೀದಿ. ಪೊಲೀಸ್ ಖಾತೇದಾಗ ಇರಬೇಕಾಗಿತ್ತು."

ಬರೆದೆ. ಆದರೆ ಹಾಳೆ ಅಂಟಿಸುವ ಮೊದಲೇ ಅಕ್ಕನವರು ಕಾಂಪೌಂಡಿನಾಚೆಯಿಂದ, ಹೆಣ್ಣುಮಕ್ಕಳಿಗೆ ಕೂಡಲು ಬೇರೆ ಕಡೆ ಇರುತ್ತದೆಯೇ, ಸತ್ಕಾರ ಮೊದಲೋ ಹಾಡು ಮೊದಲೋ, ಹುಡುಗಿಯರು ಸೀರೆ ಉಡುತ್ತಾರೋ ಎಂದು ವಿಚಾರಿಸಿದಾಗ ನನ್ನ ಪೆನ್ನು ನಿಂತಿತು. ಎರಡು ವರ್ಷದಲ್ಲಿ ಅವರು ಕ್ಯಾಂಪಸ್ಸಿನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಸೌದೆ ಸಿಗುತ್ತದೆಯೇ ಎಂದು.

ಇನ್ನು ಆ ಬೆಳಿಗ್ಗೆಗೆ ಬರುತ್ತೇನೆ. ಮಗಳನ್ನು ರಿಕ್ಷಾಕ್ಕೆ ಹತ್ತಿಸಿ ತಿರುಗುವಷ್ಟರಲ್ಲಿ ಅಕ್ಕನವರು ಗೇಟಿನಲ್ಲಿದ್ದರು. ತಲೆಸ್ನಾನವಾಗಿತ್ತು, ಕೊರಳಲ್ಲಿ ಬೋರಮಾಳ ಸರ ಇತ್ತು. ಕೈಯಲ್ಲಿ ಕಸೂತಿಯ ಬಟ್ಟೆ ಮುಚ್ಚಿದ ಅಗಲವಾದ ಹಿತ್ತಾಳೆ ತಟ್ಟೆ, ಪರಾತ. ನಾನು ಹೇಗೂ ಮನೆಯವರ ಜೊತೆ ಮುಂಚೆ ಹೋಗುವವಳು, ಸತ್ಕಾರದ ಸಾಮಾನು ಹೊಂದಿಸುವ ಕೆಲಸ ನನಗೇ ವಹಿಸಿದ್ದಾರೆಂದು ಅವರಿಗೆ ಗೊತ್ತಿತ್ತು. ಇದನ್ನು ಸ್ಟೇಜಿನ ಮೇಲೆ ಇಟ್ಟುಬಿಡಿ, ಬರುವ ಅತಿಥಿಗಳಿಗೆ ಕುಂಕುಮ ಕೊಡುವುದಕ್ಕೆ ಬೇಕಾಗುತ್ತದೆ ಎಂದರು. ಬಟ್ಟೆಯನ್ನು ಪರಾತದ ಅಂಚಿಗೆ ಬಿಗಿಯಾಗಿ ಸಿಕ್ಕಿಸಿದ್ದರು. ಕುಂಕುಮದ ಬಟ್ಟಲೊಂದಕ್ಕೆ ಇದ್ದ ಭಾರವಲ್ಲ ಅದು.

ಕ್ಯಾಂಪಸ್ಸಿನಲ್ಲಿ ಪೆಂಡಾಲು ಹಾಕಿ, ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಬಿಸಿಲು ಏರುವ ಹೊತ್ತಿಗೆ ಒಂದು ಬಿಳಿ ಸುಮೋ ಬಂದು ಬೇವಿನ ಗಿಡದ ಹತ್ತಿರ ನಿಂತಿತು. ಅಕ್ಕನವರೂ ಅದರಿಂದಲೇ ಇಳಿದರು. ಅವರ ಹಿಂದೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯ ಮನೆಯ ಯಜಮಾನಿತಿ, ದುಂಡು ಮುಖ, ಮೆದು ಮಾತು, ಜೊತೆಗೆ ಅವರ ತಂಗಿ. ಕೊನೆಗೆ ಇಳಿದ ಒಬ್ಬ ಯುವಕ ಪೆಂಡಾಲಿನೊಳಗೆ ಬರಲಿಲ್ಲ. ಸುಮೋದ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು, ಹೊಸ ಬೂಟಿನ ಮೇಲಿನ ಧೂಳನ್ನು ಕರ್ಚೀಫಿನಿಂದ ಒರೆಸಿ, ಮತ್ತೆ ಅದೇ ಧೂಳಿನಲ್ಲಿ ನಿಂತ. ಶೀಲ್ಡು ಕೊಡಲು ಬಂದವನು ಬೂಟು ಒರೆಸಿಕೊಳ್ಳಬಾರದೆಂದೇನಿಲ್ಲ. ಆದರೂ ನೋಡಿಟ್ಟುಕೊಂಡೆ.

ಯಜಮಾನಿತಿಯನ್ನು ನನ್ನ ಪಕ್ಕದಲ್ಲೇ ಕೂರಿಸಿದರು. ಹುಡುಗಿ ಅಷ್ಟು ದೂರದಲ್ಲಿ ಗೆಳತಿಯರ ಜೊತೆ ಓಡಾಡುತ್ತಿದ್ದಳು. ಬೆಳಿಗ್ಗೆ ಹಗ್ಗದ ಮೇಲಿದ್ದ ರೇಷ್ಮೆ ಸೀರೆ ಈಗ ಅವಳ ಮೈಮೇಲಿತ್ತು. ಯಜಮಾನಿತಿಯ ಕಣ್ಣು ಅವಳ ಪಾದದಿಂದ ಜಡೆಯವರೆಗೆ ಹೋಗಿ ಬಂತು.

"ಕನ್ನಡಕ ದಿನಾನೂ ಹಾಕ್ತಾಳೇನ್ರಿ, ಇಲ್ಲಾ ಓದಾಕಷ್ಟ?" ಎಂದು ಕೇಳಿದರು.

"ಹಾಡಾಕ ಬೇಕಾಗೂದಿಲ್ಲ ಬಿಡ್ರಿ," ಎಂದೆ.

ಅವರು ನಕ್ಕರು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ನನಗೆ ಕಸಿವಿಸಿ. ರೊಟ್ಟಿ ಬರುತ್ತದೆಯೇ ಎಂದು ತಂಗಿ ಕೇಳಿದರು. ಮನೆಯಲ್ಲಿ ಸಿಟ್ಟು ಸೆಡವು ಉಂಟೇ ಎಂದು ಯಜಮಾನಿತಿ ಕೇಳಿದರು. ಯಾವ ರಾಗ, ಯಾವ ಹಾಡು ಎಂದು ಮಾತ್ರ ಇಬ್ಬರೂ ಕೇಳಲಿಲ್ಲ.

ನಾನು ಎದ್ದು ಸ್ಟೇಜಿನ ಹಿಂದಿನ ಕೋಣೆಗೆ ಹೋದೆ. ಪರಾತದ ಬಟ್ಟೆ ಎತ್ತಿದೆ. ಒಳಗೆ ಕುಬುಸದ ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಅಡಕೆ. ಪಕ್ಕದಲ್ಲಿ ಬೆಳ್ಳಿಯ ಬಟ್ಟಲು ತುಂಬ ಸಕ್ಕರೆ. ಕುಂಕುಮ ಕೊಡುವ ಸಾಮಾನಲ್ಲ, ಇದು ಉಡಿ ತುಂಬುವ, ಮಡಿಲು ತುಂಬುವ ಸಾಮಾನು. ಮದುವೆಯಾಗದ ಹುಡುಗಿಗೆ ನಮ್ಮ ಕಡೆ ಸುಮ್ಮಸುಮ್ಮನೆ ಉಡಿ ತುಂಬುವುದಿಲ್ಲ. ಗಂಡಿನ ತಾಯಿ ಬಂದು ಸೆರಗಿಗೆ ಉಡಿ ಹಾಕಿ, ಬಾಯಿಗೆ ಸಕ್ಕರೆ ಇಟ್ಟು ಸಕ್ಕರೆ ಕಾರ್ಯ ಮಾಡಿದಳೆಂದರೆ ಮದುವೆಯ ಮಾತು ನಿಶ್ಚಯವಾದಂತೆ. ನನಗೂ ಹಾಗೇ ಆಗಿತ್ತು. ಹಾಸ್ಟೆಲಿನಿಂದ ಬಂದ ಮರುದಿನವೇ ಯಾರೋ ಬಾಯಿಗೆ ಸಕ್ಕರೆ ಇಟ್ಟರು, ಸಿಹಿಯಾಗಿದೆಯೆಂದು ನುಂಗಿದೆ. ಅದರ ಅರ್ಥ ಅವ್ವ ಆಮೇಲೆ ಹೇಳಿದಳು.

ಮಣೆಯ ಮೇಲೆ ಕೂಡಲೊಲ್ಲದ ಹುಡುಗಿಯನ್ನು ಸ್ಟೇಜಿನ ಮೇಲೆ ನಿಲ್ಲಿಸುತ್ತಿದ್ದರು. ಸತ್ಕಾರ ಅಂದುಕೊಂಡು ಅವಳು ಸೆರಗೊಡ್ಡುವಳು, ಇಡೀ ಕ್ಯಾಂಪಸ್ಸು ಚಪ್ಪಾಳೆ ತಟ್ಟುವುದು. ಆಮೇಲೆ ಒಲ್ಲೆ ಎನ್ನುವುದಾದರೂ ಯಾವ ಬಾಯಲ್ಲಿ?

ಹುಡುಗಿಯನ್ನು ಕರೆಸಿ ಪರಾತ ತೋರಿಸಿದೆ. ಅವಳ ಮುಖದ ಬಣ್ಣ ಇಳಿಯಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು.

"ಅಪ್ಪಗ ಗೊತ್ತೈತೇನ್ರಿ?"

ನನಗೆ ತಿಳಿಯದೆಂದೆ. ಸುಗ್ಗಿಯ ಕಾಲ, ಅವರಪ್ಪ ಮೆಣಸಿನಕಾಯಿ ಪೇಟೆ ಬಿಟ್ಟು ಬಂದಿರಲಿಲ್ಲ. ಹಾಡುವುದೇ ಬೇಡ, ಮನೆಗೆ ಹೋಗಿಬಿಡು ಎಂದೆ.

"ಓಡಿ ಹೋದ್ರ ಹಾಡಿಗೆ ಅಂಜಿದ್ಲು ಅಂತಾರ. ನೀವ್ ಇದನ್ನ ಇಲ್ಲೇ ಇಡ್ರಿ ಆಂಟಿ. ಮುಂದಿಂದು ನಾ ನೋಡ್ಕೋತೀನಿ."

ಪರಾತವನ್ನು ಮೇಜಿನ ಕೆಳಗೆ ಸರಿಸಿದೆ. ಆಫೀಸಿನವರು ತಂದಿದ್ದ ಶಾಲು ಮತ್ತು ಹಣ್ಣಿನ ತಟ್ಟೆಯನ್ನು ಸ್ಟೇಜಿಗೆ ಕಳಿಸಿದೆ. ನಿಜ ಹೇಳಬೇಕೆಂದರೆ, ಅನುಮಾನ ಸರಿಯಾಗಿತ್ತೆಂಬ ಸಣ್ಣ ಖುಷಿ ನನಗಿತ್ತು.

ಹಾಡಾಯಿತು. ಚೆನ್ನಾಗಿಯೇ ಹಾಡಿದಳು, ಕನ್ನಡಕ ಹಾಕಿಕೊಂಡೇ. ಸತ್ಕಾರಕ್ಕೆ ಹೆಸರು ಕೂಗಿದಾಗ ಯಜಮಾನಿತಿ ಸ್ಟೇಜು ಹತ್ತಿ, ತಟ್ಟೆಯಲ್ಲಿ ಶಾಲು ಮಾತ್ರ ಕಂಡು ಅತ್ತಿತ್ತ ನೋಡಿದರು. ಶಾಲು ಹೊದಿಸಿದರು. ಅಷ್ಟರಲ್ಲಿ ಅಕ್ಕನವರು ನನ್ನ ಪಕ್ಕದಿಂದ ದಡಬಡ ಎದ್ದು ಹಿಂದಿನ ಕೋಣೆಗೆ ಹೋದರು. ಮೇಜಿನ ಕೆಳಗೆ ಬಗ್ಗಿದ್ದನ್ನು ಪರದೆಯ ಸಂದಿಯಿಂದ ಕಂಡೆ. ಪರಾತ ಎತ್ತುವಷ್ಟು ಹೊತ್ತು ಇರಲಿಲ್ಲ. ಸಕ್ಕರೆಯ ಬಟ್ಟಲನ್ನಷ್ಟೇ ಹಿಡಿದು ಸ್ಟೇಜಿಗೆ ಬಂದು ಯಜಮಾನಿತಿಯ ಕೈಗಿತ್ತರು.

ಯಜಮಾನಿತಿ ಒಂದು ಚಿಟಿಕೆ ಸಕ್ಕರೆ ಎತ್ತಿ ಹುಡುಗಿಯ ಬಾಯಿಯ ಕಡೆ ಹಿಡಿದರು. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಹುಡುಗಿ ಬಾಯಿ ತೆರೆಯಲಿಲ್ಲ. ಬಗ್ಗಿ ಎರಡೂ ಕೈಯಿಂದ ಬಟ್ಟಲನ್ನೇ ತೆಗೆದುಕೊಂಡಳು. ತಿರುಗಿ, ಎಲ್ಲಕ್ಕಿಂತ ಮೊದಲು ಕ್ಯಾಂಪಸ್ಸಿನ ಮುಖ್ಯಸ್ಥರ ಮುಂದೆ ಹಿಡಿದು, "ನೀವ್ ಮೊದ್ಲ ತಗೋರಿ ಸರ್, ಬಹುಮಾನದ ಸಕ್ಕರಿ," ಎಂದಳು. ಮೈಕಿನಲ್ಲಿ ಅದು ಪೆಂಡಾಲಿಗೆಲ್ಲ ಕೇಳಿಸಿತು. ಮುಖ್ಯಸ್ಥರು ನಕ್ಕು ಬಾಯಿಗೆ ಹಾಕಿಕೊಂಡರು. ಆಮೇಲೆ ಬೀಜದ ವ್ಯಾಪಾರಿಗಳ ಮನೆಯವರಿಗೆ, ಪ್ರಾಧ್ಯಾಪಕರಿಗೆ, ನಮ್ಮ ಮನೆಯವರಿಗೆ, ಕೆಳಗಿಳಿದು ಮುಂದಿನ ಸಾಲಿನ ಹಿರಿಯರಿಗೆಲ್ಲ. ನನ್ನ ಅಂಗೈಗೂ ಒಂದಿಷ್ಟು ಬಿತ್ತು. ಕೊಡುವಾಗ ಕಣ್ಣು ಮಿಟುಕಿಸಿದಳು. ಅವಳ ಬಾಯಿಗೆ ಒಂದು ಕಾಳೂ ಹೋಗಲಿಲ್ಲ. ಚಪ್ಪಾಳೆ ಬಿತ್ತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಒಂದೇ ಒಂದು ಸಂಗತಿ ಆಗಲೂ ಸರಿಬರಲಿಲ್ಲ. ಯಜಮಾನಿತಿಗೆ ಸಿಟ್ಟು ಬಂದಿರಲಿಲ್ಲ. ಸ್ಟೇಜಿನಿಂದ ಇಳಿಯುವಾಗ ತಂಗಿಯ ಮುಂಗೈ ಹಿಚುಕಿ ಏನೋ ಹೇಳಿದರು, ತಂಗಿ ತಲೆಯಾಡಿಸಿದರು. ಸುಮೋದ ಹತ್ತಿರ ನಿಂತಿದ್ದ ಯುವಕ ಬೂಟಿನ ಧೂಳು ಮರೆತು ಹಲ್ಲು ಕಾಣುವಷ್ಟು ನಕ್ಕ. ಸೋತವರು ಹಾಗೆ ನಗುವುದಿಲ್ಲ. ಆದರೆ ಹುಡುಗಿ ಗೆಳತಿಯರ ನಡುವೆ ಕುಣಿಯುತ್ತಿದ್ದಳು, ಮಧ್ಯಾಹ್ನದ ಊಟಕ್ಕೆ ಗೋಧಿ ಹುಗ್ಗಿ ಇತ್ತು, ಬೆಳಗಿನಿಂದ ಅನುಮಾನ ಪಟ್ಟು ನನಗೂ ದಣಿವಾಗಿತ್ತು. ಮರ್ಯಾದಸ್ಥರು, ಮರ್ಯಾದೆ ಉಳಿಸಿಕೊಂಡು ಹೋದರು ಎಂದುಕೊಂಡು ಬಿಟ್ಟುಬಿಟ್ಟೆ.

ಮನೆಗೆ ಬಂದು ಕಾಲು ತೊಳೆದು ಮುಂದಿನ ತಿಂಗಳ ಹಾಳೆ ಶುರು ಮಾಡಿದೆ. ಮೇಲಿನ ಅರ್ಧಕ್ಕೆ ಗ್ಯಾದರಿಂಗು ಯಶಸ್ವಿಯಾಯಿತೆಂದು ಬರೆದೆ. ಕೆಳಗಿನ ಅರ್ಧಕ್ಕೆ ಹಾಲ್ ಟಿಕೆಟ್ ಯಾವಾಗ ಕೊಡುತ್ತಾರೆ, ಪರೀಕ್ಷೆ ಯಾವಾಗ ಎಂಬ ವಿವರಗಳು. ಅಲ್ಲಿ ನನ್ನ ಅಕ್ಷರ ಎಂದಿಗಿಂತ ದುಂಡಗೆ ಬಂತು. ಮನೆಯವರಿಗೆ ಪರಾತದ ಕತೆ ಹೇಳಿದಾಗ ಅವರು ಪೇಪರು ಮಡಚಿಟ್ಟು ಪೂರ್ತಿ ಕೇಳಿದರು. ಹುಡುಗಿ ಜಾಣಿ ಎಂದರು. ನನ್ನನ್ನು ಪೊಲೀಸ್ ಖಾತೆಗೆ ಕಳಿಸುವ ಮಾತು ಆಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಕ್ಕನವರು ಗೇಟು ತೆರೆದುಕೊಂಡು ಬಂದರು. ಮನೆಗೆ ತಂದಿದ್ದ ಪರಾತವನ್ನು ನಾನು ಮೊದಲೇ ಒರೆಸಿ, ಖಣ ಅಕ್ಕಿ ಇದ್ದ ಹಾಗೆಯೇ ಜೋಡಿಸಿ, ಕಸೂತಿಯ ಬಟ್ಟೆ ಮುಚ್ಚಿ ಇಟ್ಟಿದ್ದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬೋರಮಾಳ ತೆಗೆದಿದ್ದರು, ಹಳೆಯ ಸೀರೆ ಉಟ್ಟಿದ್ದರು. ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಿದರು. ನಮ್ಮ ಕರಿಬೇವಿನ ಗಿಡದಿಂದ ಒಂದು ಎಸಳು ಮುರಿದುಕೊಂಡರು. ಇವತ್ತು ಬಿಸಿಲು ಬಹಳ ಇತ್ತು, ಪೆಂಡಾಲಿನವನು ಇನ್ನೊಂದು ಬಟ್ಟೆ ಕಟ್ಟಬೇಕಿತ್ತು ಎಂದರು. ಆಚೆ ಮನೆಯಲ್ಲಿ ಹುಡುಗಿ ದೀಪದ ಕೆಳಗೆ ಕುಳಿತು ಓದುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ಅಕ್ಕನವರು ಪರಾತವನ್ನು ಸೊಂಟಕ್ಕೆ ಇಟ್ಟುಕೊಂಡು, ಗೇಟಿನ ಚಿಲಕ ಹಾಕುತ್ತ, ಮೊಸರಿನ ಬಟ್ಟಲು ಚೆಲ್ಲದ ಹಾಗೆ ನೋಡಿಕೊಳ್ಳುತ್ತ ಅಂದರು:

"ಉಡಿ ತುಂಬಾಕ ಆಗ್ಲಿಲ್ಲ ಅಂತ ನೀವೇನ್ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಹುಡುಗೀನ ತನ್ನ ಕೈಯಾರೆ ಸಕ್ಕರಿ ಹಂಚ್ಯಾಳ, ಇಷ್ಟ ಮಂದಿ ಹಿರ್ಯಾರು ತಿಂದೀರಿ, ಇದಕ್ಕಿಂತ ಒಪ್ಪಿಗಿ ಏನ್ ಬೇಕು ಅಂದ್ರು ಬೀಗರು. ಬ್ಯಾಡಗಿಗೂ ಫೋನ್ ಹಚ್ಚಿ ಹೇಳೇನಿ."